ಅಲೆ ಹೇಳುವುದು ಹೊತ್ತನ್ನು ಮಾತ್ರ: ಭೂಕಂಪದ ಅಲೆಗಳು ಮತ್ತು ಭೂಮಿಯ ಆಳದ ಮ್ಯಾಂಟಲ್



ವಿಜ್ಞಾನದ ಒಂದು ವಿಷಯವನ್ನು ಆ ವಿಷಯದ ತಜ್ಞರಲ್ಲದವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕೆಂಬುದು ಈ ಉಪನ್ಯಾಸವನ್ನು ನಡೆಸುವ ದತ್ತಿಯ ಆಶಯ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಯಾರೂ ಕಣ್ಣಾರೆ ಕಾಣದ, ಮುಂದೆಯೂ ಕಾಣಲಾಗದ ಒಂದು ಜಾಗವನ್ನು. ಭೂಕವಚದ ಅಡಿಯಿಂದ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಹಬ್ಬಿರುವ ಮ್ಯಾಂಟಲ್, ಅದರಲ್ಲೂ ಅದರ ತಳಭಾಗ, ಇಂದಿನ ವಿಷಯ.

ಮನುಷ್ಯ ಭೂಮಿಯೊಳಗೆ ಎಷ್ಟು ಆಳ ಇಳಿದಿದ್ದಾನೆ? ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ದಾಟಿತ್ತು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ ರಂಧ್ರ 1989ರಲ್ಲಿ 12,262 ಮೀಟರ್ ಮುಟ್ಟಿತು. ಅಲ್ಲಿಂದ ಮುಂದಕ್ಕೆ ಕೊರೆಯಲು ಕಾವು ಬಿಡಲಿಲ್ಲ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಅಂದರೆ ಕೇಂದ್ರದ ದಾರಿಯಲ್ಲಿ ಐನೂರರಲ್ಲಿ ಒಂದು ಪಾಲನ್ನೂ ನಾವು ಸವೆಸಿಲ್ಲ. ಅದರಾಚೆಗೆ ಏನಿದೆ, ಹೇಗಿದೆ ಎಂದು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಭೂಕಂಪದ ಅಲೆಗಳಿಂದ ಬಂದದ್ದು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಅಲೆ ನಮಗೆ ಮುಖ್ಯವಾಗಿ ಹೇಳುವುದು ಹೊತ್ತನ್ನು: ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡಿಗೆ ಬಂದೆ ಎಂದು. ಆಳದ ಶಿಲೆ ಬಿಸಿಯೋ ತಣ್ಣಗೋ, ಭಾರವೋ ಹಗುರವೋ, ಹಳೆಯದೋ ಹೊಸದೋ ಎಂಬುದೆಲ್ಲ ಆ ಹೊತ್ತಿನ ಮೇಲೆ ನಾವು ಕಟ್ಟಿದ ತರ್ಕ. ಅಳತೆ ಎಲ್ಲಿ ಮುಗಿಯಿತು, ತರ್ಕ ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ಮರೆಯದೆ ನೋಡಿದರೆ ಮಾತ್ರ ಈ ವಿಜ್ಞಾನದ ನಿಜವಾದ ಸಾಧನೆ ಅರ್ಥವಾಗುತ್ತದೆ.

ಶಿಲ್ಲಾಂಗಿನಿಂದ ಶುರು

ದೂರದ ದೇಶದ ಭೂಕಂಪವನ್ನು ಉಪಕರಣವೊಂದು ಮೊದಲು ಹಿಡಿದದ್ದು 1889ರ ಏಪ್ರಿಲ್ 17ರಂದು. ಜರ್ಮನಿಯ ಪಾಟ್ಸ್‌ಡಮ್‌ನಲ್ಲಿ ಅರ್ನ್ಸ್ಟ್ ಫಾನ್ ರೆಬೋಯರ್ ಪಾಶ್ವಿಟ್ಸ್ ಅವರು ಇಟ್ಟಿದ್ದ ಸೂಕ್ಷ್ಮ ಲೋಲಕ ಅಂದು ಅಲುಗಾಡಿತು. ಜಪಾನಿನಲ್ಲಿ ನೆಲ ನಡುಗಿದ ಸುದ್ದಿಯನ್ನು ಆಮೇಲೆ ಓದಿದ ಅವರು ಎರಡಕ್ಕೂ ನಂಟು ಹಾಕಿದರು. ಅಲೆ ಭೂಮಿಯನ್ನು ಹಾದು ಬಂದಿದೆ ಎಂದಾಯಿತು. ಹಾಗೆ ಬಂದ ಅಲೆಯನ್ನು ಓದುವ ಬಗೆ ತಿಳಿದದ್ದು ನಮ್ಮ ದೇಶದ ಒಂದು ದುರಂತದಿಂದ.

1897ರ ಜೂನ್ 12ರಂದು ಶಿಲ್ಲಾಂಗ್ ಪ್ರಸ್ಥಭೂಮಿಯಲ್ಲಿ ಸಂಭವಿಸಿದ ಭಾರಿ ಭೂಕಂಪ ಆ ಸೀಮೆಯ ಕಲ್ಲುಕಟ್ಟಡಗಳನ್ನೆಲ್ಲ ನೆಲಸಮ ಮಾಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅದರ ಅಧ್ಯಯನ ಕೈಗೊಂಡರು. ಹಾನಿಯ ವಿವರ ಬರೆದು ಮುಗಿಸದೆ, ಯುರೋಪಿನ ಕೇಂದ್ರಗಳಲ್ಲಿ ದಾಖಲಾಗಿದ್ದ ಇದೇ ಕಂಪನದ ಗೀಟುಗಳನ್ನು ತರಿಸಿ ನೋಡಿದರು. ಪ್ರತಿ ದಾಖಲೆಯಲ್ಲೂ ಮೂರು ಘಟ್ಟ ಕಂಡವು: ಮೊದಲು ಒಂದು ಸಣ್ಣ ನಡುಕ, ಕೆಲವು ನಿಮಿಷಗಳ ಮೇಲೆ ಇನ್ನೊಂದು, ಕಡೆಗೆ ದೊಡ್ಡ ಓಲಾಟ. ಮೊದಲಿನವೆರಡು ಭೂಮಿಯ ಒಡಲನ್ನು ಹಾದು ಬಂದವು, ಮೂರನೆಯದು ಮೇಲ್ಮೈಯನ್ನು ಬಳಸಿ ಬಂದದ್ದು ಎಂದು 1900ರಲ್ಲಿ ತೋರಿಸಿದರು. ಇಂದು ಪ್ರಾಥಮಿಕ ಅಥವಾ ಪಿ ಅಲೆ, ದ್ವಿತೀಯಕ ಅಥವಾ ಎಸ್ ಅಲೆ, ಮೇಲ್ಮೈ ಅಲೆ ಎಂದು ಶಾಲೆಯ ಪುಸ್ತಕದಲ್ಲಿ ಓದುವುದು ಇದನ್ನೇ. 1906ರಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತುಂಬ ದೂರದ ಕೇಂದ್ರಗಳಿಗೆ ಅಲೆಗಳು ತಡವಾಗಿ ಬರುವುದನ್ನು ಕಂಡು, ಭೂಮಿಯ ನಡುವೆ ಬೇರೆ ಗುಣದ ಕೇಂದ್ರಗೋಳವಿದೆ ಎಂದು ವಾದಿಸಿದರು.

ಮುಂದಿನ ಕಥೆ ಬಿರುಸಾಗಿ ಓಡುತ್ತದೆ. 1909ರಲ್ಲಿ ಆಂದ್ರಿಯಾ ಮೊಹೊರೊವಿಚಿಚ್ ಕ್ರೊಯೇಷಿಯಾದ ಭೂಕಂಪವೊಂದರಿಂದ ಭೂಕವಚದ ಅಡಿಗೆರೆಯನ್ನು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಬೆನೊ ಗುಟೆನ್‌ಬರ್ಗ್ ಕೇಂದ್ರಗೋಳದ ಅಂಚು 2,900 ಕಿಲೋಮೀಟರ್ ಆಳದಲ್ಲಿದೆ ಎಂದು ಲೆಕ್ಕ ಹಾಕಿದರು. ಇಂದಿನ ಅಂಕಿ 2,891. ಕೇಂದ್ರಗೋಳ ದ್ರವ ಎಂದು 1926ರಲ್ಲಿ ಹೆರಾಲ್ಡ್ ಜೆಫ್ರಿಸ್ ಸಾಧಿಸಿದರು. ಆ ದ್ರವದೊಳಗೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ಹೇಳಿದವರು ಡೆನ್ಮಾರ್ಕಿನ ಇಂಗೆ ಲೀಮನ್. 1929ರ ನ್ಯೂಜಿಲೆಂಡ್ ಭೂಕಂಪದ ಅಲೆಗಳು, ಬರಬಾರದಾಗಿದ್ದ ಕೇಂದ್ರಗಳಿಗೂ ಬಂದಿದ್ದವು. ಕಂಪ್ಯೂಟರ್ ಇಲ್ಲದ ಆ ದಿನಗಳಲ್ಲಿ ಅವರು ಒಂದೊಂದು ಕೇಂದ್ರದ ವಿವರವನ್ನೂ ಕಾರ್ಡಿನ ಮೇಲೆ ಬರೆದು ಓಟ್ಸ್‌ನ ಖಾಲಿ ರಟ್ಟಿನ ಡಬ್ಬಗಳಲ್ಲಿ ಜೋಡಿಸಿಕೊಂಡು, ತೋಟದಲ್ಲಿ ಮೇಜು ಹಾಕಿ ಕೂತು ಕೆಲಸ ಮಾಡುತ್ತಿದ್ದರೆಂದು ಅವರ ಬಂಧುವೊಬ್ಬರು ನೆನಪಿಸಿಕೊಂಡಿದ್ದಾರೆ.

ಅಲೆ ಎಷ್ಟು ಆಳ ಹೋಗಿ ಬಂತು?

ಪಿ ಅಲೆ ಶಿಲೆಯನ್ನು ಒತ್ತುತ್ತ, ಹಿಗ್ಗಿಸುತ್ತ ಸಾಗುತ್ತದೆ. ಘನದಲ್ಲೂ ದ್ರವದಲ್ಲೂ ಹಾಯುತ್ತದೆ. ಎಸ್ ಅಲೆ ಶಿಲೆಯನ್ನು ಅಡ್ಡಕ್ಕೆ ಜಗ್ಗುತ್ತ ಸಾಗುತ್ತದೆ. ದ್ರವದಲ್ಲಿ ಅದಕ್ಕೆ ದಾರಿಯಿಲ್ಲ. ಮ್ಯಾಂಟಲಿನ ಮೇಲ್ಭಾಗದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್, ತಳದಲ್ಲಿ 13.7. ಕೇಂದ್ರಗೋಳಕ್ಕೆ ಕಾಲಿಟ್ಟ ಕೂಡಲೇ ಮತ್ತೆ 8ಕ್ಕೆ ಕುಸಿಯುತ್ತದೆ. ಎಸ್ ಅಲೆಯ ವೇಗ ತಳದಲ್ಲಿ 7.2ರ ಆಸುಪಾಸು, ಅಲ್ಲಿಂದ ಕೆಳಗಿನ ದ್ರವದಲ್ಲಿ ಸೊನ್ನೆ.

ಆಳಕ್ಕೆ ಹೋದಷ್ಟೂ ವೇಗ ಹೆಚ್ಚುವುದರಿಂದ ಅಲೆಯ ಹಾದಿ ನೇರವಾಗಿರದೆ ಬಾಗುತ್ತ ಮೇಲಕ್ಕೆ ತಿರುಗುತ್ತದೆ. ಅಲೆಯನ್ನು ದಾಖಲಿಸುವ ಕೇಂದ್ರ ಎಷ್ಟು ದೂರವೋ ಅಲೆ ಅಷ್ಟು ಆಳಕ್ಕೆ ಇಳಿದು ಬಂದಿರುತ್ತದೆ. 10,000 ಕಿಲೋಮೀಟರ್ ದೂರದ ಊರಿಗೆ ಪಿ ಅಲೆ ಸುಮಾರು 13 ನಿಮಿಷಕ್ಕೆ, ಎಸ್ ಅಲೆ ಸುಮಾರು 24 ನಿಮಿಷಕ್ಕೆ ತಲಪುತ್ತವೆ; ಎರಡೂ ಮ್ಯಾಂಟಲಿನ ತಳದ ಹತ್ತಿರ ಹಾದು ಬಂದಿರುತ್ತವೆ. ಕೆಲವು ಅಲೆಗಳು ಕೇಂದ್ರಗೋಳದ ಮೇಲ್ಮೈಗೆ ಬಡಿದು ವಾಪಸಾಗುತ್ತವೆ. ಪಿ ಅಲೆ ನೇರ ಕೆಳಗಿಳಿದು, ಬಡಿದು, ಮರಳಿ ಬರಲು ಬೇಕಾಗುವುದು ಎಂಟೂವರೆ ನಿಮಿಷ ಅಷ್ಟೆ.

ಭೂಮಿಯ ಆಳದ ವೇಗಗಳನ್ನೆಲ್ಲ ಒಟ್ಟುಗೂಡಿಸಿ 1981ರಲ್ಲಿ ಆಡಮ್ ಜಿವೋನ್ಸ್ಕಿ ಮತ್ತು ಡಾನ್ ಆಂಡರ್ಸನ್ ಒಂದು ಪ್ರಮಾಣ ಮಾದರಿ ಕೊಟ್ಟರು. ಅದರಲ್ಲಿ ವೇಗ ಆಳವನ್ನು ಮಾತ್ರ ಅವಲಂಬಿಸುತ್ತದೆ. ಬಳ್ಳಾರಿಯ ಅಡಿಯಲ್ಲೂ ಬ್ರೆಜಿಲಿನ ಅಡಿಯಲ್ಲೂ ಒಂದೇ. ನಿಜವಾದ ಅಲೆ ಈ ಮಾದರಿ ಹೇಳಿದ ಹೊತ್ತಿಗಿಂತ ಒಂದೆರಡು ಸೆಕೆಂಡು ಮುಂಚೆಯೋ ತಡವಾಗಿಯೋ ಬರುತ್ತದೆ. ಆಳದ ರಚನೆಯ ಅಧ್ಯಯನವೆಲ್ಲ ಆ ಒಂದೆರಡು ಸೆಕೆಂಡಿನ ಅಧ್ಯಯನ.

ಗೌರಿಬಿದನೂರಿನ ಎರಡು ತೋಳು

ಸೆಕೆಂಡಿನ ಅಂಶಗಳನ್ನು ನಂಬುವಂತೆ ಅಳೆಯುವುದು ಹೇಗೆ? ಅದರ ಒಂದು ಉತ್ತರ ನಮ್ಮ ನಾಡಿನಲ್ಲೇ ಇದೆ. 1960ರ ದಶಕದಲ್ಲಿ ಅಣುಬಾಂಬಿನ ಪರೀಕ್ಷೆಗಳನ್ನು ದೂರದಿಂದಲೇ ಪತ್ತೆಹಚ್ಚಬೇಕಾದ ಅಗತ್ಯ ಬಂದಾಗ ಭೂಕಂಪ ವಿಜ್ಞಾನಕ್ಕೆ ಎಂದೂ ಇಲ್ಲದ ಹಣ ಹರಿದುಬಂತು. ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮುಂಗಾಗಳಲ್ಲಿ ಕಂಪನಮಾಪಕಗಳ ಸಾಲುಗಳು ಎದ್ದವು. ಅದೇ ಬಗೆಯ ನಾಲ್ಕನೆಯ ಸಾಲು ನಮ್ಮ ಗೌರಿಬಿದನೂರಿನದು; ಭಾಭಾ ಅಣು ಸಂಶೋಧನ ಕೇಂದ್ರ ಅದನ್ನು ನಡೆಸಿಕೊಂಡು ಬಂದಿದೆ. ಒಂದಕ್ಕೊಂದು ಲಂಬವಾದ, ಸುಮಾರು 25 ಕಿಲೋಮೀಟರ್ ಉದ್ದದ ಎರಡು ತೋಳುಗಳ ಮೇಲೆ 20 ಮಾಪಕಗಳು.

ಇದರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 6,700 ಕಿಲೋಮೀಟರ್ ದೂರದಲ್ಲಿ ಭೂಕಂಪವಾಯಿತು, ಅಲೆ ಒಂದು ತೋಳಿನ ದಿಕ್ಕಿನಲ್ಲೇ ಬಂತು ಎನ್ನಿ. ಮ್ಯಾಂಟಲಿನಲ್ಲಿ ಬಾಗಿ ಬಂದ ಪಿ ಅಲೆ ತೋಳಿನ ಈ ತುದಿ ಮುಟ್ಟಿ ಆ ತುದಿ ಮುಟ್ಟಲು ಸುಮಾರು ಒಂದೂವರೆ ಸೆಕೆಂಡು ಬೇಕು. ಕೇಂದ್ರಗೋಳಕ್ಕೆ ಬಡಿದು ಬಂದ ಅಲೆ ಹೆಚ್ಚು ಕಡಿದಾಗಿ ಮೇಲೇಳುವುದರಿಂದ ಎರಡು ತುದಿಗೂ ಒಂದು ಸೆಕೆಂಡಿನ ಒಳಗೇ ತಲಪಿಬಿಡುತ್ತದೆ. ಈ ಅಂತರವೊಂದರಿಂದಲೇ ಯಾವ ಅಲೆ ಎಷ್ಟು ಆಳದಿಂದ ಬಂತೆಂದು ಬೇರ್ಪಡಿಸಬಹುದು. ಆಮೇಲೆ ಪ್ರತಿ ಮಾಪಕದ ದಾಖಲೆಯನ್ನೂ ಅದರದರ ತಡಕ್ಕೆ ತಕ್ಕಷ್ಟು ಸರಿಸಿ ಎಲ್ಲವನ್ನೂ ಕೂಡಿಸುತ್ತಾರೆ. ಲಾರಿ ಓಡಿದ್ದು, ಗಾಳಿ ಬೀಸಿದ್ದು, ಪಂಪ್‌ಸೆಟ್ ನಡೆದದ್ದು ಒಂದೊಂದು ಮಾಪಕದಲ್ಲಿ ಒಂದೊಂದು ರೀತಿ ಇರುವುದರಿಂದ ಪರಸ್ಪರ ಅಳಿಸಿಹೋಗುತ್ತವೆ. ಆಳದಿಂದ ಬಂದ ಅಲೆ ಮಾತ್ರ ಉಳಿಯುತ್ತದೆ. 20 ಮಾಪಕಗಳಿಂದ ಸದ್ದು ಸುಮಾರು ನಾಲ್ಕೂವರೆ ಪಟ್ಟು ತಗ್ಗುತ್ತದೆ.

ಇಂಥ ಸಾಲುಗಳ ನೆರವಿನಿಂದಲೇ 1970ರ ದಶಕದಲ್ಲಿ ಹಳೆಯ ಒಗಟೊಂದು ಬಿಡಿಸಿಕೊಂಡಿತು. ಕೇಂದ್ರಗೋಳ ಹಾದು ಬರುವ ಅಲೆಗಳಿಗಿಂತ ತುಸು ಮುಂಚೆ ಸಣ್ಣ ಕಂಪನಗಳು ಏಕೆ ಬರುತ್ತವೆ ಎಂಬುದು ಆ ಒಗಟು. ಮ್ಯಾಂಟಲಿನ ತಳದಲ್ಲಿರುವ ಸಣ್ಣಪುಟ್ಟ ಏರುಪೇರುಗಳಿಗೆ ತಾಗಿ ಚೆದುರಿದ ಅಲೆಗಳು ಅವು ಎಂದು ಕ್ಲಿಯರಿ ಮತ್ತು ಹ್ಯಾಡನ್ ತೋರಿಸಿದರು. ಬಾಂಬಿನ ಸದ್ದು ಕೇಳಲು ಕಟ್ಟಿದ ಕಿವಿಗೆ ಪಾತಾಳದ ತಳದ ಒರಟುತನ ಕೇಳಿಸಿತು.

ಸೆಕೆಂಡುಗಳಿಂದ ನಕ್ಷೆ

ಒಂದು ಅಲೆ ಎರಡು ಸೆಕೆಂಡು ತಡವಾಗಿ ಬಂತು. ಹಾದಿಯ ಯಾವ ಭಾಗದಲ್ಲಿ ತಡವಾಯಿತು? ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸು ಅರ್ಧ ಗಂಟೆ ತಡವಾದರೆ ದಾರಿಯಲ್ಲೆಲ್ಲೋ ತೊಡಕಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಅದೇ ದಿನ ಮಳವಳ್ಳಿಯಿಂದ ಮದ್ದೂರಿನ ಮೇಲೆ ತುಮಕೂರಿಗೆ ಹೋದ ಬಸ್ಸೂ ತಡ, ಆದರೆ ಕನಕಪುರದ ಮೇಲೆ ಮೈಸೂರಿಗೆ ಹೋದ ಬಸ್ಸು ಸರಿಯಾದ ಹೊತ್ತಿಗೆ ಸೇರಿತು ಎಂದರೆ ತೊಡಕು ಮದ್ದೂರಿನ ಹತ್ತಿರವೇ ಎಂದು ಕೂತಲ್ಲೇ ಹೇಳಬಹುದು. ಲಕ್ಷಾಂತರ ಅಲೆಗಳ ಅಡ್ಡದಿಡ್ಡಿ ಹಾದಿಗಳನ್ನು ಹೀಗೆ ಒಟ್ಟಿಗೆ ಬಿಡಿಸುವ ಗಣಿತಕ್ಕೆ ಟೊಮೊಗ್ರಫಿ ಎನ್ನುತ್ತಾರೆ.

ಜಿವೋನ್ಸ್ಕಿ 1984ರಲ್ಲಿ ಕೆಳ ಮ್ಯಾಂಟಲಿನ ನಕ್ಷೆ ಬರೆದಾಗ ಹೊಸ ಉಪಕರಣವನ್ನೇನೂ ಹೂಡಲಿಲ್ಲ. ಬ್ರಿಟನ್ನಿನ ಅಂತರರಾಷ್ಟ್ರೀಯ ಭೂಕಂಪ ಕೇಂದ್ರ 1964ರಿಂದ ಕೂಡಿಸಿಟ್ಟಿದ್ದ ಅಲೆಗಳ ಆಗಮನದ ಹೊತ್ತುಗಳನ್ನು ಬಳಸಿಕೊಂಡರು. ಪ್ರಪಂಚದ ನಾನಾ ಊರುಗಳಲ್ಲಿ ಹೆಸರಿಲ್ಲದ ವೀಕ್ಷಕರು ದಿನವೂ ಗೀಟುಗಳನ್ನು ನೋಡಿ ಬರೆದು ಕಳಿಸಿದ ಅಂಕಿಗಳು ಅವು.

ಆಳದ ಭಾಗವನ್ನೇ ಬೇರ್ಪಡಿಸಿ ನೋಡಲು ಇನ್ನೊಂದು ಜಾಣ ಉಪಾಯವಿದೆ. ಒಂದೇ ಭೂಕಂಪದಿಂದ ಹೊರಟ ಎರಡು ಎಸ್ ಅಲೆಗಳಲ್ಲಿ ಒಂದು ಮ್ಯಾಂಟಲಿನಲ್ಲೇ ಉಳಿದು ಬರುತ್ತದೆ. ಇನ್ನೊಂದು ಕೇಂದ್ರಗೋಳಕ್ಕೆ ಪಿ ಅಲೆಯಾಗಿ ಹೊಕ್ಕು, ಮತ್ತೆ ಎಸ್ ಅಲೆಯಾಗಿ ಹೊರಬರುತ್ತದೆ. ಮೇಲಿನ ಪದರಗಳಲ್ಲಿ ಎರಡರ ಹಾದಿಯೂ ಹೆಚ್ಚುಕಡಿಮೆ ಒಂದೇ. ಅಲ್ಲಿಯ ತೊಡಕುಗಳು ಎರಡಕ್ಕೂ ಸಮ. ಆದ್ದರಿಂದ ಅವುಗಳ ನಡುವಿನ ಅಂತರದಲ್ಲಿ ಏರುಪೇರು ಕಂಡರೆ ಅದಕ್ಕೆ ಕಾರಣ ಮ್ಯಾಂಟಲಿನ ತಳದಲ್ಲಿರಬೇಕು.

ಮುಳುಗಿದ ಕಡಲತಳ

ನಕ್ಷೆಗಳು ಮೂಡಿದಾಗ ಮೊದಲು ಕಂಡದ್ದು ಅಲೆ ವೇಗವಾಗಿ ಸಾಗುವ ಪಟ್ಟಿಗಳು; ಮುಳುಗಿದ ತಣ್ಣನೆಯ ಶಿಲೆಯಲ್ಲಿ ಹಾಗಾಗುತ್ತದೆ. ಪೆಸಿಫಿಕ್ಕಿನ ಹಳೆಯ ಫರಾಲನ್ ಫಲಕ (ಭೂಮಿಯ ಹೊರಚಿಪ್ಪಿನ ಒಂದು ತುಂಡು) ಉತ್ತರ ಅಮೆರಿಕದ ಅಡಿಗೆ ಸರಿದು, ಕೋಟ್ಯಂತರ ವರ್ಷಗಳಲ್ಲಿ ಆ ಖಂಡದ ಪೂರ್ವಭಾಗದ ಕೆಳಗೆ ಮ್ಯಾಂಟಲಿನ ಆಳಕ್ಕೆ ಇಳಿದಿರುವುದನ್ನು ಸ್ಟೀಫನ್ ಗ್ರಾಂಡ್ 1990ರ ದಶಕದಲ್ಲಿ ತೋರಿಸಿದರು. ಮುಳುಗುವ ಫಲಕಗಳು ಮೇಲಿನ ಮತ್ತು ಕೆಳ ಮ್ಯಾಂಟಲ್‌ಗಳ ನಡುವಿನ, 660 ಕಿಲೋಮೀಟರ್ ಆಳದ ಗಡಿಯಲ್ಲಿ ನಿಲ್ಲುತ್ತವೆಯೋ, ಅದನ್ನು ತೂರಿ ಹೋಗುತ್ತವೆಯೋ ಎಂಬ ದೀರ್ಘ ಜಗಳಕ್ಕೆ ಉತ್ತರ ಸಿಕ್ಕಿತು: ಕೆಲವು ತೂರುತ್ತವೆ, ಜಪಾನಿನ ಬಳಿಯವು ಸದ್ಯಕ್ಕೆ ಅಲ್ಲೇ ಅಡ್ಡಡ್ಡ ಮಲಗಿವೆ.

ನಮಗೆ ಹತ್ತಿರದ ಉದಾಹರಣೆ 1999ರದು. ವಾನ್ ಡೆರ್ ವೂ, ಸ್ಪಾಕ್‌ಮನ್ ಮತ್ತು ಅವರ ಸಂಗಡಿಗರು ಭಾರತದ ಅಡಿಯಲ್ಲಿ, 1,000 ಕಿಲೋಮೀಟರಿಗೂ ಆಳದಲ್ಲಿ, ವೇಗದ ಪಟ್ಟಿಗಳನ್ನು ಕಂಡರು. ಭಾರತ ಮತ್ತು ಏಷ್ಯಾಗಳ ನಡುವೆ ಇದ್ದು ಮುಚ್ಚಿಹೋದ ಟೆಥಿಸ್ ಸಾಗರದ ತಳದ ಶಿಲೆ ಅದು ಎಂದು ಅವರ ವಿವರಣೆ. ಆ ಶಿಲೆ ಕೆಳಗೆ ಮುಳುಗುತ್ತಿರುವಾಗ ಭಾರತ ಉತ್ತರಕ್ಕೆ ಸರಿಯುತ್ತ ಅದರ ಮೇಲೆಯೇ ಹಾದುಬಂದಿದೆ.

ತಳದ ಎರಡು ರಾಶಿಗಳು

ಮ್ಯಾಂಟಲಿನ ತಳದಲ್ಲಿ ಅದಕ್ಕಿಂತಲೂ ದೊಡ್ಡ ಸೋಜಿಗವಿದೆ. ಆಫ್ರಿಕದ ಅಡಿಯಲ್ಲೊಂದು, ಪೆಸಿಫಿಕ್ಕಿನ ಅಡಿಯಲ್ಲೊಂದು, ಎರಡು ಭಾರಿ ಪ್ರದೇಶಗಳಲ್ಲಿ ಎಸ್ ಅಲೆ ಸೇಕಡ ಎರಡು ಮೂರರಷ್ಟು ನಿಧಾನವಾಗುತ್ತದೆ. ಒಂದು ಅಲೆ ಅಂಥ ಜಾಗದಲ್ಲಿ 1,000 ಕಿಲೋಮೀಟರ್ ಸಾಗಿದರೆ ನಾಲ್ಕು ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಇವೆರಡೂ ಸೇರಿ ಕೇಂದ್ರಗೋಳದ ಮೇಲ್ಮೈಯ ಕಾಲು ಭಾಗದಷ್ಟನ್ನು ಆವರಿಸಿವೆ. ಕೆಲವೆಡೆ ಸುಮಾರು 1,000 ಕಿಲೋಮೀಟರ್ ಎತ್ತರಕ್ಕೆ ಏಳುತ್ತವೆ. ಫಲಕ ಸಿದ್ಧಾಂತದ ಇಬ್ಬರು ಹಿರಿಯರಾದ ಟುಜೋ ವಿಲ್ಸನ್ ಮತ್ತು ಜೇಸನ್ ಮಾರ್ಗನ್ ನೆನಪಿಗೆ ಆಫ್ರಿಕದ ರಾಶಿಯನ್ನು ಟುಜೋ, ಪೆಸಿಫಿಕ್ಕಿನದನ್ನು ಜೇಸನ್ ಎಂದು ಕರೆಯುವ ರೂಢಿಯಿದೆ.

ಈ ರಾಶಿಗಳ ಅಂಚಿನಲ್ಲೂ ಸುತ್ತಮುತ್ತಲೂ ಇನ್ನೂ ವಿಚಿತ್ರವಾದ ತೆಳು ತೇಪೆಗಳಿವೆ. ದಪ್ಪ ಹತ್ತಾರು ಕಿಲೋಮೀಟರ್ ಮಾತ್ರ. ಆದರೆ ಎಸ್ ಅಲೆ ಅಲ್ಲಿ ಸೇಕಡ 30ರವರೆಗೂ ನಿಧಾನವಾಗುತ್ತದೆ. ಹವಾಯಿ ದ್ವೀಪಗಳ ಅಡಿಯಲ್ಲಿ ಸುಮಾರು 900 ಕಿಲೋಮೀಟರ್ ಅಗಲದ ಅಂಥ ತೇಪೆಯಿದೆ ಎಂದು 2012ರಲ್ಲಿ ಸನ್ನೆ ಕೊಟ್ಟಾರ್ ಮತ್ತು ಬಾರ್ಬರಾ ರೊಮಾನೊವಿಚ್ ಹೇಳಿದರು. 2020ರಲ್ಲಿ ಡೊಯಿಯೋನ್ ಕಿಮ್ ಮತ್ತು ಸಂಗಡಿಗರು 1990ರಿಂದ 2018ರವರೆಗಿನ ನೂರಾರು ಭೂಕಂಪಗಳ ಸುಮಾರು 7,000 ದಾಖಲೆಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಕೊಟ್ಟು, ಒಂದನ್ನೊಂದು ಹೋಲುವ ಕ್ರಮದಲ್ಲಿ ಜೋಡಿಸಿದರು. ಒಂದೊಂದನ್ನೇ ನೋಡಿದರೆ ಸದ್ದಿನಲ್ಲಿ ಕಳೆದುಹೋಗುವ ಮಂದ ಪ್ರತಿಧ್ವನಿಗಳು ಸಾಲಾಗಿ ಕಾಣಿಸಿಕೊಂಡವು. ಮಾರ್ಕೇಸಸ್ ದ್ವೀಪಗಳ ಅಡಿಯಲ್ಲಿ ಇನ್ನೊಂದು ತೇಪೆ ಪತ್ತೆಯಾಯಿತು. ಕೊರತೆ ಇದ್ದದ್ದು ದಾಖಲೆಗಳದ್ದಲ್ಲ, ಅವನ್ನು ಒಟ್ಟಿಗೆ ಓದುವ ವಿಧಾನದ್ದು.

ನಿಧಾನ ಎಂದರೆ ಬಿಸಿಯೆ?

ಟೊಮೊಗ್ರಫಿಯ ನಕ್ಷೆಗಳಲ್ಲಿ ನಿಧಾನದ ಜಾಗಕ್ಕೆ ಕೆಂಪು, ವೇಗದ ಜಾಗಕ್ಕೆ ನೀಲಿ ಬಳಿಯುವುದು ಪದ್ಧತಿ. ಕೆಂಪು ಕಂಡೊಡನೆ ಬಿಸಿ, ಬಿಸಿ ಎಂದೊಡನೆ ಹಗುರ, ಹಗುರವಾದದ್ದು ಮೇಲೇಳುತ್ತಿದೆ ಎಂದು ಕಣ್ಣು ತಾನಾಗಿ ಓದಿಬಿಡುತ್ತದೆ. ನಾನು ಮೊದಲು ಹೇಳಿದ ಗೆರೆಯನ್ನು ಇಲ್ಲಿ ಎಳೆಯಬೇಕು. ಶಿಲೆ ಬಿಸಿಯಾದರೂ ಅಲೆ ನಿಧಾನವಾಗುತ್ತದೆ. ಶಿಲೆಯಲ್ಲಿ ಕಬ್ಬಿಣದ ಅಂಶ ಹೆಚ್ಚಾದರೂ ನಿಧಾನವಾಗುತ್ತದೆ. ಮೊದಲನೆಯದಾದರೆ ರಾಶಿ ಹಗುರ, ಎರಡನೆಯದಾದರೆ ಭಾರ. ವೇಗವೊಂದರಿಂದಲೇ ಈ ವ್ಯಾಜ್ಯ ತೀರುವುದಿಲ್ಲ. ಬೇರೆ ಸಾಕ್ಷಿ ಬೇಕು.

ಒಂದು ಸಾಕ್ಷಿ ಇಡೀ ಭೂಮಿಯ ಮಿಡಿತ. 1960ರ ಚಿಲಿ ಭೂಕಂಪ, 2004ರ ಸುಮಾತ್ರಾ ಭೂಕಂಪಗಳಂಥ ಮಹಾಕಂಪನಗಳ ನಂತರ ಭೂಮಿ ದಿನಗಟ್ಟಲೆ ಕಂಪಿಸುತ್ತದೆ; ಅದರ ಅತಿ ನಿಧಾನದ ಮಿಡಿತಕ್ಕೆ ಸುಮಾರು 54 ನಿಮಿಷ. ಈ ಮಿಡಿತಗಳು ಸಾಂದ್ರತೆಗೂ ಸ್ಪಂದಿಸುತ್ತವೆ. ಕೇಂದ್ರಗೋಳದ ಅಂಚಿನಲ್ಲೇ ಹೆಚ್ಚು ಬಲವಾಗಿರುವ ಕೆಲವು ಮಿಡಿತಗಳನ್ನು ಆಧರಿಸಿ, ರಾಶಿಗಳು ಒಟ್ಟಾರೆ ಹಗುರ ಎಂದು 2017ರಲ್ಲಿ ಪೌಲಾ ಕೂಲೆಮೈಯರ್ ಮತ್ತು ಸಂಗಡಿಗರು ಹೇಳಿದರು. ಅದೇ ವರ್ಷ ಹ್ಯಾರಿಯೆಟ್ ಲಾವ್ ಮತ್ತು ಸಂಗಡಿಗರು ಚಂದ್ರ, ಸೂರ್ಯರ ಸೆಳೆತಕ್ಕೆ ಗಟ್ಟಿ ನೆಲ ಉಬ್ಬಿ ಇಳಿಯುವುದನ್ನು ಜಿಪಿಎಸ್‌ನಿಂದ ಅಳೆದು, ರಾಶಿಗಳ ಕೆಳಭಾಗ ಸುತ್ತಲಿನದಕ್ಕಿಂತ ಸುಮಾರು ಅರ್ಧ ಪರ್ಸೆಂಟ್ ಭಾರ ಎಂದರು. 2025ರಲ್ಲಿ ಸುಜಾನಿಯಾ ತಲವೆರಾ ಸೋಸಾ, ಅರ್ವೆನ್ ಡಾಯ್ಸ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಕೇಳಿದರು: ರಾಶಿಗಳಲ್ಲಿ ಅಲೆ ನಿಧಾನವಾಗುತ್ತದೆ ಸರಿ, ಬಲವನ್ನೂ ಕಳೆದುಕೊಳ್ಳುತ್ತದೆಯೆ? ಬರೀ ಬಿಸಿಯಾದರೆ ಕಳೆದುಕೊಳ್ಳಬೇಕು. ಆದರೆ ಬಲ ಅಷ್ಟಾಗಿ ಕುಗ್ಗುವುದಿಲ್ಲ ಎಂದು ಕಂಡುಬಂತು. ಶಿಲೆಯ ಕಣಗಳು ದೊಡ್ಡವಾಗಿ ಬೆಳೆದಿವೆ, ಅಂದರೆ ರಾಶಿಗಳು ಬಹಳ ಹಳೆಯವು, ಸುಲಭಕ್ಕೆ ಕದಡದವು ಎಂದು ಅವರ ತೀರ್ಮಾನ.

ರಾಶಿಗಳ ಹುಟ್ಟಿನ ಬಗ್ಗೆಯೂ ಒಂದಕ್ಕಿಂತ ಹೆಚ್ಚು ವಾದಗಳಿವೆ. ಮುಳುಗಿದ ಕಡಲತಳದ ಶಿಲೆ ಅಲ್ಲಿ ಕೂಡಿಕೊಂಡಿತು ಎನ್ನುವವರಿದ್ದಾರೆ. ಚಂದ್ರನ ಹುಟ್ಟಿಗೆ ಕಾರಣವಾದ ಡಿಕ್ಕಿಯಲ್ಲಿ ಭೂಮಿಗೆ ಬಡಿದ ಆಕಾಶಕಾಯದ ಅವಶೇಷವೇ ಇದು ಎಂದು ಚಿಯಾನ್ ಯುವಾನ್ ಮತ್ತು ಸಂಗಡಿಗರು 2023ರಲ್ಲಿ ಸೂಚಿಸಿದರು. ಯಾವುದೂ ಇನ್ನೂ ಅಂತಿಮವಲ್ಲ. ಆದರೆ ರಾಶಿಗಳು ಇವೆ, ಇಂಥಲ್ಲಿ ಇವೆ, ಇಷ್ಟು ನಿಧಾನ ಎಂಬುದರಲ್ಲಿ ಬೇರೆ ಬೇರೆ ತಂಡಗಳ ನಕ್ಷೆಗಳು ಒಪ್ಪುತ್ತವೆ. ತರ್ಕ ಬದಲಾಗುತ್ತಿದೆ, ಅಳತೆ ನಿಂತಿದೆ.

ಎರೆಮಣ್ಣಿನ ನಂಟು

ಇಷ್ಟು ಆಳದ ಸಂಗತಿಗೂ ನಮಗೂ ಏನು ಸಂಬಂಧ? ವಿಜಯಪುರ, ಕಲಬುರಗಿ, ಬೆಳಗಾವಿಗಳ ಎರೆಮಣ್ಣಿನ ಬಹುಭಾಗ ದಖ್ಖನ್ನಿನ ಲಾವಾ ಶಿಲೆ ಸವೆದು ಆದದ್ದು. ಆ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದರ ಮೂಲವೆಂದು ಬಹುತೇಕ ಭೂವಿಜ್ಞಾನಿಗಳು ತೋರಿಸುವ ಬಿಸಿತಾಣ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. 2012 ಮತ್ತು 2013ರಲ್ಲಿ ಫ್ರೆಂಚ್, ಜರ್ಮನ್ ವಿಜ್ಞಾನಿಗಳು ಆ ದ್ವೀಪದ ಸುತ್ತ ಕಡಲ ತಳದಲ್ಲಿ 57 ಮಾಪಕಗಳನ್ನು ಇಳಿಸಿದರು. ಅವು ತಂದ ಅಲೆಗಳನ್ನು ಓದಿ 2021ರಲ್ಲಿ ಮರಿಯಾ ತ್ಸೆಖ್ಮಿಸ್ತ್ರೆಂಕೊ, ಕಾರಿನ್ ಸಿಗ್ಲೊಕ್ ಮತ್ತು ಸಂಗಡಿಗರು, ಬಿಸಿ ಶಿಲೆ ನೆಟ್ಟಗಿನ ಕೊಳವೆಯಲ್ಲಿ ಏರುತ್ತಿಲ್ಲ, ಆಫ್ರಿಕದ ರಾಶಿಯಿಂದ ಎದ್ದ ಒಂದು ಬೊಡ್ಡೆಯಿಂದ ಓರೆಯಾಗಿ ಕವಲೊಡೆದಿದೆ ಎಂದು ಬರೆದರು. ಜೋಳ ಬೆಳೆಯುವ ನಮ್ಮ ನೆಲದ ವಂಶಾವಳಿ ಮ್ಯಾಂಟಲಿನ ತಳದವರೆಗೆ ಹೋಗಬಹುದು.

ಇನ್ನೊಂದು ಸಂಬಂಧ ಭಾರತದ ದಕ್ಷಿಣಕ್ಕಿರುವ ಕಡಲಿನದು. ಅಲ್ಲಿ ಗುರುತ್ವ ಕಡಿಮೆಯಾಗಿ, ಸಮುದ್ರದ ಸರಾಸರಿ ಮಟ್ಟ ಇರಬೇಕಾದುದಕ್ಕಿಂತ 106 ಮೀಟರ್ ತಗ್ಗಿನಲ್ಲಿದೆ. ಭೂಮಿಯ ಮೇಲೆ ಇಂಥ ತಗ್ಗು ಬೇರೊಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ 14 ಕೋಟಿ ವರ್ಷಗಳ ಮ್ಯಾಂಟಲ್ ಚಲನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ 2023ರಲ್ಲಿ ಒಂದು ವಿವರಣೆ ಕೊಟ್ಟರು. ಮುಳುಗಿದ ಟೆಥಿಸ್ ಶಿಲೆ ಆಫ್ರಿಕದ ರಾಶಿಯನ್ನು ಕದಡಿತು. ಅಲ್ಲಿಂದ ಎದ್ದ ಬಿಸಿಯಾದ ಹಗುರ ಶಿಲೆ ಈ ಕಡಲಿನತ್ತ ಹಬ್ಬಿತು. ಅದರಿಂದ ಗುರುತ್ವ ತಗ್ಗಿತು. ಇದು ಮಾದರಿಯ ಮಾತು. ಅಲೆಗಳ ದಾಖಲೆಯೊಂದಿಗೆ ಅದನ್ನು ಇನ್ನೂ ಒರೆಗೆ ಹಚ್ಚಬೇಕು.

ಕೊನೆಯ ಮಾತು

ಒರೆಗೆ ಹಚ್ಚಲು ಮಾಪಕಗಳು ಬೇಕು. ಭೂಕಂಪಗಳು ಬಹುಪಾಲು ಫಲಕಗಳ ಅಂಚಿನಲ್ಲಿ ಆಗುತ್ತವೆ, ಮಾಪಕಗಳು ಬಹುಪಾಲು ನೆಲದ ಮೇಲಿವೆ. ಮಹಾಸಾಗರಗಳ ಅಡಿಯ, ಅದರಲ್ಲೂ ದಕ್ಷಿಣಾರ್ಧಗೋಳದ ಮ್ಯಾಂಟಲ್ ಇಂದಿಗೂ ಮಸುಕು. ಹಿಂದೂ ಮಹಾಸಾಗರದ ತಳದಲ್ಲಿ ಮಾಪಕಗಳನ್ನು ಇಳಿಸಿ ವರ್ಷಗಟ್ಟಲೆ ನಡೆಸುವ ಕೆಲಸದಲ್ಲಿ ಭಾರತಕ್ಕಿಂತ ಹೆಚ್ಚಿನ ಹೊಣೆ ಬೇರೆ ದೇಶಕ್ಕಿಲ್ಲ.

ದಾಖಲೆಗಳು ಮುಕ್ತವಾಗಿರಬೇಕು. ಶಿಲ್ಲಾಂಗಿನ ಕಂಪನವನ್ನು ಅರಿಯಲು ಓಲ್ಡ್‌ಹ್ಯಾಮ್ ಅವರಿಗೆ ಯುರೋಪಿನ ಗೀಟುಗಳು ಬೇಕಾದವು. ನ್ಯೂಜಿಲೆಂಡಿನ ಕಂಪನವನ್ನು ಅರಿತವರು ಕೋಪನ್‌ಹೇಗನ್‌ನಲ್ಲಿ ಕೂತಿದ್ದರು. ಯಾವ ದೇಶವೂ ಬರೀ ತನ್ನ ದಾಖಲೆಯಿಂದ ತನ್ನ ಅಡಿಯ ಮ್ಯಾಂಟಲನ್ನು ಅರಿಯಲಾರದು. ನಮ್ಮ ಕೇಂದ್ರಗಳ ದಾಖಲೆಗಳು ಹೆಚ್ಚು ಹೆಚ್ಚಾಗಿ ಎಲ್ಲ ಸಂಶೋಧಕರಿಗೂ, ಕಾಲೇಜು ವಿದ್ಯಾರ್ಥಿಗಳಿಗೂ ಸಿಗುವಂತಾಗಲಿ ಎಂಬುದು ನನ್ನ ಕೋರಿಕೆ.

ಇಲ್ಲಿರುವ ಅಧ್ಯಾಪಕರಿಗೂ ಒಂದು ವಿನಂತಿ. ಜಾಗತಿಕ ಜಾಲದ ಲಕ್ಷಾಂತರ ದಾಖಲೆಗಳು ಇಂದು ಅಂತರಜಾಲದಲ್ಲಿ ಕಾಸಿಲ್ಲದೆ ಸಿಗುತ್ತವೆ. ಅವನ್ನು ಓದುವ ತಂತ್ರಾಂಶವೂ ಪುಕ್ಕಟೆ. ಒಂದು ಭೂಕಂಪದ ಹತ್ತು ದಾಖಲೆಗಳನ್ನು ಇಳಿಸಿಕೊಂಡು, ಪಿ ಮತ್ತು ಎಸ್ ಅಲೆಗಳ ಹೊತ್ತನ್ನು ಗುರುತಿಸಿ, ಮಾದರಿಯ ಹೊತ್ತಿನೊಂದಿಗೆ ಹೋಲಿಸುವುದು ಬಿ.ಎಸ್ಸಿ. ವಿದ್ಯಾರ್ಥಿಗಳ ಕೈಗೆಟಕುವ ಕೆಲಸ. ಭೌತಶಾಸ್ತ್ರ, ಭೂವಿಜ್ಞಾನ ವಿಭಾಗಗಳು ಇದನ್ನು ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಮಾಡಲಿ, ವರದಿಯನ್ನು ಕನ್ನಡದಲ್ಲೂ ಬರೆಸಲಿ. ಎಲ್ಲಿಯವರೆಗೆ ಅಳತೆ, ಎಲ್ಲಿಂದ ಊಹೆ ಎಂದು ಆ ವರದಿಯಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಬರೆಯುವುದನ್ನು ಕಲಿತರೆ ಈ ದತ್ತಿಯ ಉದ್ದೇಶ ಈಡೇರಿದಂತೆ.